ಗಾಯವಿಲ್ಲದ ಬೆರಳು

ಶಿಷ್ಯನು ಕೇಳಿದನು: “ಗುರುಗಳೇ, ಜನ ಕಂಡದ್ದನ್ನೆಲ್ಲ ಹೊಸದು ಎನ್ನುತ್ತಾರೆ. ನಿಜವಾಗಿ ಹೊಸದು ಯಾವುದು?”

ಗುರುಗಳು ಒಂದು ಕತೆ ಹೇಳಿದರು.

ಒಂದು ಊರಿನ ಕಮ್ಮಾರರು ಮಡಚುವ ಚಾಕುಗಳಿಗೆ ಹೆಸರಾಗಿದ್ದರು. ಆ ಚಾಕುಗಳಿಗೆ ಒಂದು ದೋಷವಿತ್ತು. ಮೊನೆಯನ್ನು ಒತ್ತಿ ಚುಚ್ಚುವಾಗ ಅಲಗು ತಟ್ಟನೆ ಮಡಚಿಕೊಂಡು ತೋರುಬೆರಳನ್ನು ಕಚ್ಚುತ್ತಿತ್ತು. ಊರಿನ ಹಿರಿಯ ಕಮ್ಮಾರರೆಲ್ಲರ ಬೆರಳಿನ ಮೇಲೂ ಆ ಗಾಯದ ಗುರುತು ಇತ್ತು. ಬರುಬರುತ್ತ ಆ ಗುರುತೇ ಗೌರವವಾಯಿತು. ಅದಿಲ್ಲದವನಿಗೆ ತನ್ನ ಚಾಕುವಿನ ಮೇಲೆ ಊರಿನ ಮುದ್ರೆ ಒತ್ತುವ ಹಕ್ಕಿರಲಿಲ್ಲ. ಮುದ್ರೆಯಿಲ್ಲದ ಚಾಕುವನ್ನು ಯಾವ ವರ್ತಕನೂ ಕೊಳ್ಳುತ್ತಿರಲಿಲ್ಲ.

ವರ್ಷಕ್ಕೊಮ್ಮೆ ಹಿರಿಯರು ಸಭೆ ಸೇರಿ, ಹೊಸ ಬಗೆಯ ಚಾಕುವಿಗೆ ಬಹುಮಾನ ಕೊಡುತ್ತಿದ್ದರು. ಒಂದು ವರ್ಷ ಎರಡು ಅಲಗಿನ ಚಾಕುವಿಗೆ ಕೊಟ್ಟರು. ಮತ್ತೊಂದು ವರ್ಷ ಮುಳ್ಳು ಕೀಳುವ ಚಿಮಟ ಸೇರಿಸಿದವನಿಗೆ ಕೊಟ್ಟರು. ಆಮೇಲೆ ಕಿವಿಯ ಗುಗ್ಗೆ ತೆಗೆಯುವ ಕಡ್ಡಿ ಬಂತು, ಅದನ್ನೂ ಹೊಗಳಿದರು.

ಒಬ್ಬ ತರುಣ ಕಮ್ಮಾರನು ಹಿಡಿಯೊಳಗೆ ಸಣ್ಣದೊಂದು ಕೊಕ್ಕೆಯನ್ನು ಕೂಡಿಸಿದನು. ಬಿಚ್ಚಿದ ಅಲಗು, ಆ ಕೊಕ್ಕೆಯನ್ನು ಒತ್ತದ ಹೊರತು ಮಡಚಿಕೊಳ್ಳುತ್ತಿರಲಿಲ್ಲ. ಅವನು ಚಾಕುವನ್ನು ಸಭೆಗೆ ತಂದು ಮುದ್ರೆಯ ಹಕ್ಕನ್ನು ಕೇಳಿದನು.

ಸಭೆಯ ಮುಖ್ಯಸ್ಥನು ಅಲಗಿನ ಬೆನ್ನನ್ನು ಹಲಗೆಗೆ ಬಲವಾಗಿ ಒತ್ತಿ ನೋಡಿದನು. ಅಲಗು ಕದಲಲಿಲ್ಲ. ಅವನು ಚಾಕುವನ್ನು ಪಕ್ಕಕ್ಕಿಟ್ಟು ತರುಣನ ಕೈಯನ್ನು ಎತ್ತಿ ಹಿಡಿದನು.

“ನೋಡಿರಯ್ಯಾ, ಹೊಸ ಸೊಸೆಯ ಬೆರಳು!”

“ಸೊಸೆಯಾದರೂ ಈಳಿಗೆಯಲ್ಲಿ ಕೊಯ್ದುಕೊಂಡಿರುತ್ತಾಳೆ,” ಎಂದನು ಇನ್ನೊಬ್ಬ ಹಿರಿಯ. ಸಭೆ ನಕ್ಕಿತು.

ಮುಖ್ಯಸ್ಥನು ಕೆಟ್ಟವನಲ್ಲ. ಒಂದು ಹಳೆಯ ಚಾಕುವನ್ನು ತರಿಸಿ ಮುಂದಿಟ್ಟನು. “ಬೇಸರ ಮಾಡಿಕೊಳ್ಳಬೇಡ, ತಮ್ಮಾ. ಇದಕ್ಕೆ ಒಮ್ಮೆ ಬೆರಳು ಕೊಡು. ಒಂದು ಕ್ಷಣದ ಮಾತು. ಮುದ್ರೆ ಈಗಲೇ ನಿನ್ನದು.”

ತರುಣನು ಹಳೆಯ ಚಾಕುವನ್ನು ಬಹಳ ಹೊತ್ತು ನೋಡಿದನು. ಮುದ್ರೆಯಿಲ್ಲದೆ ಆ ಊರಿನಲ್ಲಿ ಅವನಿಗೆ ಬದುಕಿರಲಿಲ್ಲ.

“ಯಜಮಾನರೇ, ಇದಕ್ಕೆ ಬೆರಳು ಕೊಡಬೇಕಾಗಿದ್ದರೆ ನಾನು ಆ ಕೊಕ್ಕೆಯನ್ನು ಯಾಕೆ ಮಾಡುತ್ತಿದ್ದೆ?” ಎಂದು ಹೇಳಿ, ತನ್ನ ಚಾಕುವನ್ನು ಮಡಚಿಕೊಂಡು ಊರು ಬಿಟ್ಟು ಹೋದನು. ಆ ವರ್ಷದ ಬಹುಮಾನ ಬಾಚಣಿಗೆ ಕೂಡಿಸಿದ ಚಾಕುವಿಗೆ ಹೋಯಿತು.

ಕತೆ ಮುಗಿಯಿತು. ಶಿಷ್ಯನಿಗೆ ಸಮಾಧಾನವಾಗಲಿಲ್ಲ.

“ಕೈಯಲ್ಲೇ ಹಿಡಿದು ನೋಡಿದರಲ್ಲ, ಗುರುಗಳೇ! ಅಷ್ಟು ನುರಿತವರಿಗೆ ಅದು ಹೊಸದೆಂದು ತಿಳಿಯಲಿಲ್ಲವೇ?”

ಗುರುಗಳು ಹೇಳಿದರು: “ತಿಳಿಯಿತು; ತಿಳಿಯದೆ ಇದ್ದಿದ್ದರೆ ಬಹುಮಾನ ಕೊಡುತ್ತಿದ್ದರು.”