ಒಣ ತಂತಿ, ಎಣ್ಣೆ ಚಿಂದಿ

ಹಳೆ ಬಟ್ಟೆಗಳನ್ನು ಅದುಮಿ ಮೂಟೆ ಕಟ್ಟುವ ಗಿರಣಿಗೆ ಹೊಸ ತಂತಿಯ ಸುರುಳಿಯೊಂದು ಬಂತು. ಯಂತ್ರದ ಬಾಯಿಗೆ ಕಟ್ಟಿದ್ದ ಎಣ್ಣೆ ಚಿಂದಿ, "ಬಾ ತಮ್ಮಾ, ಮೈಗಿಷ್ಟು ಎಣ್ಣೆ ಸವರಿಕೊಂಡು ಒಳಗೆ ಹೋಗು" ಎಂದಿತು.

"ಬಿಗಿಯುವುದು ನನ್ನ ಕಸುಬು. ಜಿಡ್ಡು ಹಚ್ಚಿಕೊಂಡರೆ ಹಿಡಿತ ಜಾರುತ್ತದೆ, ದೂರವಿರು!" ಎಂದು ಗದರಿದ ತಂತಿ, ಒಣಮೈಯಲ್ಲೇ ನುಗ್ಗಿತು. ದಾರಿಯುದ್ದಕ್ಕೂ ಕಿರುಗುಟ್ಟಿ ಮೈ ತರಚಿಕೊಂಡು, ಗಂಟು ಹಾಕುವ ಹೊತ್ತಿಗೆ ಫಟ್ಟನೆ ತುಂಡಾಯಿತು. ಕಟ್ಟುತ್ತಿದ್ದ ಮೂಟೆ ಬಿಚ್ಚಿ ಬಟ್ಟೆಯೆಲ್ಲ ನೆಲದ ತುಂಬ ಹರಡಿತು.

"ಈ ಸುರುಳಿ ಗುಜರಿಗೇ ಸರಿ" ಎಂದಳು ಯಂತ್ರ ನಡೆಸುವ ಮಾಬೂಬಿ.

"ತಪ್ಪು ನನ್ನದಮ್ಮಾ, ನಾನೇ ಸರಿಯಾಗಿ ಸವರಲಿಲ್ಲ. ಇನ್ನೊಂದು ಸಲ ನೋಡು" ಎಂದಿತು ಚಿಂದಿ.

ಈ ಸಲ ತಂತಿ ಚಿಂದಿಯ ಎಣ್ಣೆಗೆ ಮೈಯೊಡ್ಡಿತು. ನೀರಿನಂತೆ ಹರಿದು ಹೋಯಿತು. ಬಿದ್ದ ಗಂಟು ಕಲ್ಲಿನಂತೆ ನಿಂತಿತು.

ಸುರುಳಿ ಮುಗಿಯುವಷ್ಟರಲ್ಲಿ ಚಿಂದಿಯೂ ಸವೆದು ನೂಲುನೂಲಾಯಿತು. ಮಾಬೂಬಿ ಅದನ್ನು ಬಿಚ್ಚಿ ಕೊನೆಯ ಮೂಟೆಗೇ ಹಾಕಿದಳು. ತಂತಿಯ ಕೊನೆಯ ಸುತ್ತು ಅದರ ಮೇಲೇ ಬಿತ್ತು.

"ನೋವಾಯಿತೇ ಅಣ್ಣಾ?" ಎಂದಿತು ತಂತಿ.

"ಇಲ್ಲ ತಮ್ಮಾ. ಮೂಟೆ ಹೋಗುವ ದಾರಿ ದೂರವಿದೆ, ಬಿಗಿಯಾಗಿ ಹಿಡಿದುಕೋ."

"ಹಿಡಿಯಲು ಕಲಿಸಿದವನೇ ನೀನು, ನಿನ್ನನ್ನು ಬಿಟ್ಟೇನೇ?" ಎಂದಿತು ತಂತಿ.