ತಾಮ್ರದ ಗುಂಡು ಕೇಳಿದ ಪ್ರಶ್ನೆ

ಬೇಟೆಗಾರನ ಗುಂಡೇಟು ತಿಂದ ಹಂದಿಯೊಂದು ಪೊದೆಯ ಮರೆಗೆ ಹೋಗಿ ಸತ್ತಿತ್ತು. ಹಸಿದ ಮುದಿ ರಣಹದ್ದು ಬಂದು ಪಕ್ಕದಲ್ಲಿ ಕೂತಿತು. ಆದರೆ ಕೊಕ್ಕು ಹಾಕಲಿಲ್ಲ.

ಗಾಯದೊಳಗಿಂದ ಗುಂಡು ಕರೆಯಿತು: "ತಿನ್ನಿ ತಾಯಿ, ಹೆದರಬೇಡಿ. ನನ್ನಲ್ಲಿ ಸೀಸ ಇಲ್ಲ. ನಾನು ತಾಮ್ರ."

"ನನ್ನ ಗಂಡನನ್ನು ಕೊಂದ ಗುಂಡೂ ನೋಡುವುದಕ್ಕೆ ತಾಮ್ರವೇ," ಎಂದಿತು ಹದ್ದು. "ಒಳಗಿನ ಸೀಸ ಪುಡಿಯಾಗಿ ಮಾಂಸದ ತುಂಬ ಚೆಲ್ಲಿತ್ತು. ತಿಂದವನು ಮತ್ತೆ ಕತ್ತೆತ್ತಲಿಲ್ಲ. ಸಾಕಾಗಿದೆಯಪ್ಪ ನಿಮ್ಮ ಮಾತು."

"ಅದು ತಾಮ್ರದ ಅಂಗಿ ತೊಟ್ಟ ಸೀಸ. ನನ್ನನ್ನು ಇಡಿಯಾಗಿ ಒಂದೇ ತಾಮ್ರದ ತುಂಡಿನಿಂದ ಮಾಡಿದ್ದಾರೆ. ಸೀಸದಷ್ಟು ತೂಕ ಬರಲೆಂದು ಉದ್ದ ಮಾಡಿದ್ದಾರೆ. ಬಂದೂಕಿನ ನಳಿಗೆಯಲ್ಲಿ ಬಿಗಿಯಾಗದಿರಲೆಂದು ಸೊಂಟದ ಸುತ್ತ ಗೀರು ಹಾಕಿ, ಮೂತಿಗೆ ಕುಳಿ ಕೊರೆದಿದ್ದಾರೆ. ಬಡಿದ ಕೂಡಲೇ ಆ ಮೂತಿ ನಾಲ್ಕು ಎಸಳಾಗಿ ಬಿಚ್ಚಿಕೊಳ್ಳುತ್ತದೆ. ಆದರೆ ಒಂದು ಚೂರೂ ಉದುರುವುದಿಲ್ಲ. ಬೇಕಾದರೆ ನೋಡಿ."

ಬೇರೆ ಊಟ ಹುಡುಕಿ ಹಾರುವ ಶಕ್ತಿ ಹದ್ದಿಗೆ ಉಳಿದಿರಲಿಲ್ಲ. ಗುಂಡನ್ನು ಹೆಕ್ಕಿ ಕಲ್ಲಿನ ಮೇಲಿಟ್ಟು ಹೊರಳಿಸಿತು. ನಾಲ್ಕು ಎಸಳೂ ಇದ್ದವು. ಬಿಚ್ಚಿಕೊಂಡ ಒಳಮೈಯೂ ತಾಮ್ರವೇ. ಹದ್ದು ತಿನ್ನತೊಡಗಿತು.

ಗುಂಡಿಗೆ ಸಮಾಧಾನವಾಗಲಿಲ್ಲ. "ಈಗಲಾದರೂ ಹೇಳಿ ತಾಯಿ, ನಾನು ಒಳ್ಳೆಯವನು ತಾನೆ?"

ಹದ್ದು ಕೊಕ್ಕನ್ನು ಹುಲ್ಲಿಗೆ ಒರೆಸಿಕೊಂಡಿತು.

"ಅದನ್ನು ಹೇಳಬೇಕಾದವನು ಹಂದಿ, ಮಗಾ. ಅವನ ನಾಲಿಗೆಯನ್ನು ನಾನು ಈಗಷ್ಟೇ ತಿಂದೆ."