ಹಿಂಡಿ ರಾಶಿಯ ಸುತ್ತ

ಗಾಣಕ್ಕೆ ಮೋಟಾರು ಬಂದ ಮೇಲೆ ಕೆಂದನೆಂಬ ಎತ್ತಿನ ಕೆಲಸ ಹೋಯಿತು, ಹಸಿವು ಮಾತ್ರ ಹೋಗಲಿಲ್ಲ. ಗಾಣದ ಹಿಂದೆ ರಾಶಿ ಬಿದ್ದಿದ್ದ ಕಡಲೆಕಾಯಿ ಹಿಂಡಿಯನ್ನು ತಿಂದೂ ತಿಂದೂ ಅವನ ಹೊಟ್ಟೆ ಜೋತುಬಿತ್ತು, ಸೊಂಟ ಹಿಡಿದುಕೊಂಡಿತು.

“ಜೀವಮಾನವೆಲ್ಲ ದುಡಿದ ಸೊಂಟ, ನೋಯದೆ ಇನ್ನೇನಾದೀತು?” ಎಂದು ನರಳಿದ.

ಅವನ ಬೆನ್ನ ಮೇಲೆ ಕೂತು ಉಣ್ಣೆಹುಳ ಹೆಕ್ಕುತ್ತಿದ್ದ ಗೊರವಂಕ ಹೇಳಿತು: “ದುಡಿಯುವಾಗ ನೋಯಲಿಲ್ಲ, ಈಗ ನೋಯುತ್ತಿದೆ. ನಿನ್ನ ಹೊಟ್ಟೆಯೇ ಸೊಂಟವನ್ನು ಜಗ್ಗುತ್ತಿದೆ. ಹಿಂಡಿ ಬಿಡು, ಹುಲ್ಲು ಮೇಯಿ, ದಿನಾ ಕೆರೆಯವರೆಗೆ ನಡೆ.”

ಕೆಂದ ಮರುದಿನವೇ ನಡೆಯತೊಡಗಿದ. ಆದರೆ ಅವನಿಗೆ ಗೊತ್ತಿದ್ದದ್ದು ಸುತ್ತುವುದೊಂದೇ. ಹಿಂಡಿಯ ರಾಶಿಯನ್ನೇ ಸುತ್ತಿದ. ಸುತ್ತಿಗೊಮ್ಮೆ ದಣಿವಾಯಿತೆಂದು ನಿಂತು ಒಂದು ಬಾಯಿ ತಿಂದ. ಕೊನೆಗೆ ಒಂದು ದಿನ ಮಲಗಿದವನು ಏಳಲಾರದೆ ಹೋದ.

“ನಿನ್ನ ಮಾತು ಕೇಳಿ ಕೆಟ್ಟೆ!” ಎಂದು ಗೊರವಂಕದ ಮೇಲೆ ಹರಿಹಾಯ್ದ. “ನಡೆದು ನಡೆದು ನೋವು ಹೆಚ್ಚಿತು. ಈಗ ತಿಳಿಯಿತು, ನನ್ನ ಬೆನ್ನಿಗೆ ಭಾರವಾದದ್ದು ನೀನೇ!” ಬಾಲ ಬೀಸಿ ಹೊಡೆದ.

“ರಾಶಿ ಬಿಟ್ಟು ಒಂದು ಹೆಜ್ಜೆಯಾದರೂ ಆಚೆ ಇಟ್ಟೆಯಾ?” ಎಂದು ಕೇಳಿ ಗೊರವಂಕ ಹಾರಿಹೋಯಿತು. ಮತ್ತೆ ಬರಲಿಲ್ಲ.

ಆಮೇಲೆ ಕೆಂದನ ಮೈತುಂಬ ಉಣ್ಣೆಗಳು. ನೆತ್ತರು ಹೀರುತ್ತಲೇ ಅವು ಅವನ ಕಿವಿಯಲ್ಲಿ ಕೇಳಿದವು: “ಭಾರ ಇಳಿಯಿತಲ್ಲವೇ, ಯಜಮಾನರೇ? ಪಾಪ, ಎಷ್ಟು ದುಡಿದ ಸೊಂಟ!”

“ನನ್ನ ನೋವು ಬಲ್ಲವರು ನೀವೇ,” ಎಂದ ಕೆಂದ, ಮಲಗಿದಲ್ಲಿಂದಲೇ ಹಿಂಡಿಗೆ ಕತ್ತು ಚಾಚುತ್ತ.